ವೈಂಡರ್ ಡ್ರೈವರಣ್ಣನ ದಾಯಾದಿ ಮೀನುಗಳು

ಪಕ್ಕದ ಮನೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಒಂದಕ್ಕೊಂದು ಆಗದ ಏಳು ಮೀನು ಇದ್ದರೆ ವಾರಕ್ಕೊಂದು ಪ್ರಸಂಗ ತಾನಾಗಿಯೇ ಹುಟ್ಟುತ್ತದೆ. ನಾವು ಸುಮ್ಮನೆ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರೆ ಸಾಕು.

ನಾನು ಆಗ ಉರಿಗಾಂ ಕಡೆಯ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ಪಕ್ಕದ ಮನೆಯವರು ವೈಂಡರ್ ಡ್ರೈವರ್. ವೈಂಡರ್ ಡ್ರೈವರ್ ಅಂದರೆ ಬಸ್ಸು ಲಾರಿ ಓಡಿಸುವವರಲ್ಲ. ಚಿನ್ನದ ಗಣಿಯ ಬಾವಿಯೊಳಕ್ಕೆ ಜನ ಇಳಿಯುವುದು ಪಂಜರದಂಥ ಒಂದು ಲಿಫ್ಟಿನಲ್ಲಿ, ಅದಕ್ಕೆ ಕೇಜು ಅನ್ನುತ್ತಾರೆ. ಮೇಲೆ ಎಂಜಿನ್ ಮನೆಯಲ್ಲಿ ಕೂತು ಅದರ ಉಕ್ಕಿನ ಹಗ್ಗ ಬಿಡುವುದು, ಎಳೆಯುವುದು ಇವರ ಕೆಲಸ. ಕೆಳಗೆ ಇರುವವರು ಇವರಿಗೆ ಕಾಣುವುದಿಲ್ಲ. ಗಂಟೆ ಎಷ್ಟು ಸಲ ಹೊಡೆಯಿತು ಅನ್ನುವುದರ ಮೇಲೆ ಎಲ್ಲಾ ನಡೆಯಬೇಕು. ಕಿವಿ ಸ್ವಲ್ಪ ಅತ್ತ ಇತ್ತ ಆದರೂ ಇಪ್ಪತ್ತು ಜನರ ಪ್ರಾಣಕ್ಕೆ ಬರುತ್ತದೆ. ಅಂಥ ಕೆಲಸವನ್ನು ಒಂದು ದಿನವೂ ಧ್ವನಿ ಏರಿಸದೆ ಮಾಡಿದ ಮನುಷ್ಯ ನಮ್ಮ ಡ್ರೈವರಣ್ಣ. ಕ್ಯಾಸಂಬಳ್ಳಿ ಕಡೆಯ ಒಕ್ಕಲು ಮನೆತನ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೀನಿನ ವಿಷಯದಲ್ಲಿ ನಾನು ಅವರನ್ನು ಇವತ್ತಿಗೂ ಪ್ರೊಫೆಸರ್ ಅಂತಲೇ ನೆನೆಯುವುದು.

ದಾಯಾದಿಗಳು

ತೊಟ್ಟಿ ಬಂದದ್ದು ಒಬ್ಬ ಇಂಗ್ಲಿಷ್ ಇಂಜಿನಿಯರರಿಂದ. ಗಣಿ ಸರ್ಕಾರದ ಕೈಗೆ ಹೋಗುತ್ತದೆ ಅನ್ನುವ ಮಾತು ಗಟ್ಟಿಯಾಗಿ, ದೊರೆಗಳೆಲ್ಲ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಹೋಗುವವರು ತಮಗೆ ಬೇಡವಾದದ್ದನ್ನು ಬೇಕಾದವರಿಗೆ ಕೊಟ್ಟು ಹೋಗುತ್ತಿದ್ದರು. ಒಬ್ಬರಿಗೆ ಸೋಫಾ ಸಿಕ್ಕಿತು. ಇನ್ನೊಬ್ಬರಿಗೆ ನಾಯಿ ಸಿಕ್ಕಿತು, ಆ ನಾಯಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ನಮ್ಮ ಡ್ರೈವರಣ್ಣನನ್ನು ಕರೆದು ಆ ಇಂಜಿನಿಯರು, "ಹನ್ನೊಂದು ವರ್ಷ ನನ್ನನ್ನು ಇಳಿಸಿದೆ, ಹತ್ತಿಸಿದೆ. ಒಂದು ದಿನ ಕೂಡ ನನ್ನ ಹೊಟ್ಟೆ ತೊಳಸಲಿಲ್ಲ. ನನ್ನ ಮೀನುಗಳನ್ನು ನೀನೇ ನೋಡಿಕೊಳ್ಳಬೇಕು" ಅಂದರಂತೆ.

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು ತೊಟ್ಟಿ ಬಂತು. ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಗಾಜು. ಹಾಲಿನ ಕ್ಯಾನಿನಲ್ಲಿ ಐದು ಮೀನು ಬಂದವು. ಗಾಳಿಪಟದ ಹಾಗೆ ಚಪ್ಪಟೆಯಾದ ಎರಡು ಏಂಜಲ್ ಮೀನು, ಕೇರಳದ ಕಡೆಯ ಕಿತ್ತಳೆ ಬಣ್ಣದ ಎರಡು ಚಿಕ್ಕ ಮೀನು, ಮತ್ತೆ ಒಬ್ಬ ಕೆಂಪು ಗಂಟಲಿನವನು. ಈ ಕೊನೆಯವನು ಕೋಪ ಬಂದರೆ ಕಿವಿರು ಬಿಚ್ಚಿ, ಗಂಟಲು ಉಬ್ಬಿಸಿ, ಮೈಕಿನ ಮುಂದೆ ನಿಂತ ಯೂನಿಯನ್ ಲೀಡರಿನ ಹಾಗೆ ಕಾಣುತ್ತಿದ್ದ. ಕೋಪ ಅವನಿಗೆ ದಿನವೆಲ್ಲ ಇರುತ್ತಿತ್ತು.

ಮೂರೇ ದಿನಕ್ಕೆ ಏಂಜಲ್ ಮೀನಿನ ರೆಕ್ಕೆ ಹರಿದು ಚಿಂದಿಯಾಯಿತು. ಕಿತ್ತಳೆ ಮೀನುಗಳು ಮೂಲೆ ಬಿಟ್ಟು ಬರಲಿಲ್ಲ. ನಾನು, "ಏನಣ್ಣ, ಇವಕ್ಕೆ ಒಂದನ್ನ ಕಂಡ್ರೆ ಒಂದಕ್ಕೆ ಆಗೋದೇ ಇಲ್ಲವಲ್ಲ" ಅಂದೆ.

"ದೊರೆ ಅಂದವ್ರೆ ಸಾಮಿ, ಇವೆಲ್ಲಾ ಒಂದೇ ಕುಟುಂಬವಂತೆ. ಸಿಕ್ಲಿಡ್ ಅಂತ ಮನೆತನದ ಹೆಸ್ರು" ಅಂದರು ಡ್ರೈವರಣ್ಣ. ಹರಿದ ರೆಕ್ಕೆಯನ್ನು ಇನ್ನೊಂದು ಸಲ ಬಗ್ಗಿ ನೋಡಿ, "ಅಂಗಾದ್ರೆ ಇದು ದಾಯಾದಿ ಜಗಳ" ಅಂದರು.

ಅದೇ ವಾರ ಬೂದಿಕೋಟೆಯಿಂದ ನಮ್ಮ ಸೋದರಮಾವ ಬಂದಿದ್ದರು. ನಲವತ್ತು ವರ್ಷ ಶಾನುಭೋಗಿಕೆ ಮಾಡಿದವರು, ಜಮೀನಿನ ತಕರಾರು ಅವರಿಗೆ ಬೆಳಗಿನ ಕಾಫಿ ಇದ್ದಂತೆ. ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಒಂದು ಗಂಟೆ ನೋಡಿದರು. ಆಮೇಲೆ, "ಇವಕ್ಕೆ ಪೋಡಿ ಆಗಿಲ್ಲ. ಯಾರ ಹದ್ದು ಎಲ್ಲಿಗೆ ಅಂತ ಗೊತ್ತಿಲ್ಲ. ಕಲ್ಲು ನೆಡಿಸಪ್ಪ" ಅಂದರು.

ಡ್ರೈವರಣ್ಣ ತಮಾಷೆ ಅಂದುಕೊಳ್ಳಲಿಲ್ಲ. ಗಣಿ ಹೊರಗೆ ಬಿದ್ದಿದ್ದ ಕಲ್ಲುಗಳನ್ನು ಆರಿಸಿ, ತೊಳೆದು, ಒಬ್ಬನ ಜಾಗದಿಂದ ಇನ್ನೊಬ್ಬ ಕಾಣದ ಹಾಗೆ ಅಡ್ಡಡ್ಡ ಜೋಡಿಸಿದರು. ಪ್ರತಿ ಜಾಗಕ್ಕೂ ಒಂದೊಂದು ಅರ್ಧ ಒಡೆದ ಕುಡಿಕೆ. ಆದರೂ ಕೆಂಪು ಗಂಟಲಿನವನು ಬಿಡಲಿಲ್ಲ. ಎಲ್ಲಾ ಕುಡಿಕೆಗಳೂ ಅವನವೇ ಅನ್ನುವ ಹಾಗೆ ಓಡಾಡಿದ. ಡ್ರೈವರಣ್ಣ ಎರಡು ದಿನ ಸುಮ್ಮನೆ ಅವನನ್ನೇ ನೋಡಿದರು. ಮೂರನೇ ದಿನ ಎಲ್ಲ ಕಲ್ಲೂ ಕುಡಿಕೆಯೂ ಹೊರಗೆ ತೆಗೆದು, ಎಡದ್ದು ಬಲಕ್ಕೆ, ಹಿಂದಿನದು ಮುಂದಕ್ಕೆ, ಪೂರಾ ಬೇರೆ ಥರ ಇಟ್ಟರು. ಮೀನುಗಳು ಕಕ್ಕಾಬಿಕ್ಕಿ. ತಮ್ಮ ಮನೆ ಯಾವುದು ಅಂತ ಒಂದಕ್ಕೂ ಗೊತ್ತಿಲ್ಲ. ಕೆಂಪು ಗಂಟಲಿನವನೂ ಹೊಸ ಊರಿಗೆ ವರ್ಗವಾಗಿ ಬಂದ ಅಮಲ್ದಾರನ ಹಾಗೆ ಮೆತ್ತಗೆ ಸುತ್ತಾಡಿದ. ಅವತ್ತಿನಿಂದ ಎಲ್ಲವೂ ಒಂದೊಂದು ಮೂಲೆ ಹಿಡಿದು ತೆಪ್ಪಗಾದವು. ಯಾವ ಪುಸ್ತಕವೂ ಓದದೆ, ಬರೀ ನೋಡಿ ನೋಡಿ ಕಂಡುಕೊಂಡದ್ದು ಇದು.

ನಮ್ಮ ಮಾವ ಬಾಯಿ ತೆರೆದುಕೊಂಡು ನೋಡಿದರು. "ನಲವತ್ತು ವರ್ಷ ನನಗೆ ಇದು ಹೊಳೆಯಲಿಲ್ಲವಲ್ಲಯ್ಯಾ. ಬೂದಿಕೋಟೆಯನ್ನೇ ಒಂದು ಸಲ ಪೂರ್ತಿ ಕಿತ್ತು ಬೇರೆ ಥರ ಇಟ್ಟುಬಿಡಬೇಕಿತ್ತು."

ಪಾತ್ರೆಯಲ್ಲಿ ಜಿಲೇಬಿ

ನಮ್ಮ ಕಡೆ ಆಗತಾನೆ ಕೆರೆಗಳಿಗೆ ಹೊಸದೊಂದು ಮೀನು ಬಂದಿತ್ತು. ತಿಲಾಪಿಯಾ ಅಂತ ಅದರ ಹೆಸರು. ನಮ್ಮ ಜನಕ್ಕೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ, ಜಿಲೇಬಿ ಮೀನು ಅಂದರು. ಇದೂ ಅದೇ ಸಿಕ್ಲಿಡ್ ಮನೆತನದ್ದು ಅಂತ ಡ್ರೈವರಣ್ಣನಿಗೆ ಎಲ್ಲಿಂದಲೋ ಗೊತ್ತಾಯಿತು. ಮನೆತನದವರು ಹೊರಗೆ ಇರುವುದು ಅವರಿಗೆ ಸರಿಬೀಳಲಿಲ್ಲ. ಬಂಗಾರಪೇಟೆಯಲ್ಲಿ ಪರಿಚಯದವರೊಬ್ಬರ ತೋಟದ ಬಾವಿಯಲ್ಲಿ ಮರಿಗಳಿವೆ ಅಂತ ತಿಳಿದು, ರಜೆಯ ದಿನ ನನ್ನನ್ನೂ ಕರೆದುಕೊಂಡು ಹೊರಟರು.

ಬೆರಳುದ್ದದ ಎರಡು ಮರಿ ಸಿಕ್ಕವು. ಹಿತ್ತಾಳೆ ಪಾತ್ರೆಯಲ್ಲಿ ಅದೇ ಬಾವಿಯ ನೀರು ತುಂಬಿ, ಮೀನು ಬಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ರೈಲಿನಲ್ಲಿ ಕೂತೆವು. ಡ್ರೈವರಣ್ಣ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಹನಿ ತುಳುಕದ ಹಾಗೆ ಹಿಡಿದಿದ್ದರು. ಗಾಡಿ ಕುಲುಕಿದರೆ ಅವರೂ ಜೊತೆಗೆ ಓಲಾಡುತ್ತಿದ್ದರು. ಇಪ್ಪತ್ತು ಜನರನ್ನು ಇಳಿಸುವ ಕೈ ಅಲ್ಲವೇ.

ಎದುರಿಗೆ ಒಬ್ಬ ದಪ್ಪನೆಯ ಯಜಮಾನರು, ಕೋಟು ಹಾಕಿಕೊಂಡವರು, ಆ ಪಾತ್ರೆಯನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, "ಏನದು, ಅಷ್ಟು ಜೋಪಾನವಾಗಿ ಹಿಡಿದಿದೀರಿ" ಅಂದರು.

"ಜಿಲೇಬಿ ಸಾಮಿ" ಅಂದರು ಡ್ರೈವರಣ್ಣ. ಸುಳ್ಳು ಹೇಳಿ ಗೊತ್ತಿಲ್ಲದವರು.

"ಎಷ್ಟಿದೆ?"

"ಎರಡೇ."

"ಎರಡು ಜಿಲೇಬಿಗೆ ಇಷ್ಟು ದೊಡ್ಡ ಪಾತ್ರೆಯೇ? ಪಾಕ ಜಾಸ್ತಿ ಇರಬೇಕು" ಅಂದರು ಯಜಮಾನರು. ಅವರ ಕಣ್ಣಲ್ಲಿ ನೀರೂರಿತೋ ಬಾಯಲ್ಲಿ ನೀರೂರಿತೋ ತಿಳಿಯಲಿಲ್ಲ. ನಾವು ಇಳಿಯಲು ಸಾಮಾನು ಸರಿಮಾಡಿಕೊಳ್ಳುವಾಗ ಡ್ರೈವರಣ್ಣ ಪಾತ್ರೆಯನ್ನು ಒಂದು ಗಳಿಗೆ ಸೀಟಿನ ಮೇಲಿಟ್ಟರು, ಅಷ್ಟೇ. ಯಜಮಾನರ ಎರಡು ಬೆರಳು ಬಟ್ಟೆಯ ಸಂದಿಯಿಂದ ಒಳಗೆ ಇಳಿದವು. ಪಾಕ ತಣ್ಣಗಿತ್ತು. ಆಮೇಲೆ ಜಿಲೇಬಿ ಮಿಸುಕಿತು, ಬೆನ್ನ ಮೇಲಿನ ಮುಳ್ಳು ಚುಚ್ಚಿತು. ಮನುಷ್ಯ ಬೆರಳು ಹಿಡಿದುಕೊಂಡು ಬೆಂಚಿನ ಆ ತುದಿಗೆ ಹೋಗಿ ಕೂತರು.

ಡ್ರೈವರಣ್ಣ ಬಹಳ ಮರ್ಯಾದೆಯಿಂದ, "ಬೇಜಾರು ಮಾಡ್ಕೋಬ್ಯಾಡಿ ಸಾಮಿ. ಇದು ಇನ್ನೂ ಹಸಿ" ಅಂದರು.

ಮೂರು ಏಟು

ಗಣಿಯಲ್ಲಿ ಮೂರು ಸಲ ಗಂಟೆ ಹೊಡೆದರೆ 'ಜನ ಹತ್ತುತ್ತಾರೆ, ಹುಷಾರು' ಅಂತ ಅರ್ಥ. ಡ್ರೈವರಣ್ಣ ಮೀನಿಗೆ ಕಾಳು ಹಾಕುವ ಮುಂಚೆ ತೊಟ್ಟಿಯ ಕಬ್ಬಿಣದ ಮೇಲೆ ಮೂರು ಸಲ ತಟ್ಟುತ್ತಿದ್ದರು. ತಿಂಗಳೊಳಗೆ ಏಳೂ ಮೀನು ಆ ಸಂಜ್ಞೆ ಕಲಿತವು. ಟಕ್ ಟಕ್ ಟಕ್ ಅಂದರೆ ಜಗಳ ಬಿಟ್ಟು, ಮುಂಭಾಗದ ಗಾಜಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಎರಡು ತಟ್ಟಿದರೆ ಬರುತ್ತಿರಲಿಲ್ಲ. ನಾಲ್ಕು ತಟ್ಟಿದರೂ ಇಲ್ಲ. ಇದನ್ನು ನೋಡುವುದಕ್ಕೆ ಅಂತಲೇ ಶಿಫ್ಟು ಮುಗಿಸಿದವರು ಕೆಲವರು ಅವರ ಮನೆಯ ಕಡೆಯಿಂದ ಹಾದು ಹೋಗುತ್ತಿದ್ದರು.

ಹೀಗಿರುವಾಗ ಕ್ಯಾಸಂಬಳ್ಳಿಯಿಂದ ಡ್ರೈವರಣ್ಣನ ಅತ್ತೆ ಬಂದರು. ತೊಟ್ಟಿಯ ವಿಚಾರ ಕೇಳಿದ್ದರೇ ಹೊರತು ನೋಡಿರಲಿಲ್ಲ. ಅಳಿಯನಿಗೆ ಸಾರು ಮಾಡಿಕೊಡೋಣ ಅಂತ ಬೇತಮಂಗಲದ ಕೆರೆಯ ಒಂದು ದೊಡ್ಡ ಮೀನು ತಂದಿದ್ದರು. ತೊಟ್ಟಿ ಇದ್ದ ಪಡಸಾಲೆಯಲ್ಲೇ ಮಣೆ ಹಾಕಿಕೊಂಡು ಕೂತು, ಮಚ್ಚಿನಿಂದ ಮೀನಿನ ತಲೆಗೆ ಟಕ್ ಟಕ್ ಟಕ್ ಅಂತ ಮೂರು ಏಟು ಹಾಕಿದರು.

ಏಳೂ ಮೀನು ಗಾಜಿಗೆ ಬಂದು ಸಾಲಾಗಿ ನಿಂತು ಅವರನ್ನೇ ನೋಡಿದವು.

ಅತ್ತೆ ಮಚ್ಚು ಕೆಳಗಿಟ್ಟರು. ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದರು. ಆಮೇಲೆ ಅಡಿಗೆಮನೆಯಲ್ಲಿದ್ದ ಮಗಳನ್ನು ಕರೆದು, "ಏನಮ್ಮಿ, ನಮ್ಮೂರಾಗೆ ಮೀನು ಬೇಕಂದ್ರೆ ಕೆರೆಗೆ ಇಳ್ದು ಬಲೆ ಹಾಕ್ಬೇಕು. ನಿಮ್ಮನೇಲಿ ಮಚ್ಚಿನ ಸದ್ದು ಕೇಳಿದ್ರೆ ತಾವೇ ಬಂದು ಸರದಿ ನಿಂತ್ಕತವಲ್ಲೇ" ಅಂದರು.

ನೆಲ ನಡುಗಿದ ದಿನ

ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತದೆ. ನಮಗೆ ಅದು ಹೊಸದಲ್ಲ. ಪಾತ್ರೆಗಳು ಗಲಗಲ ಅನ್ನುತ್ತವೆ, ಗೋಡೆಯ ಸುಣ್ಣ ಉದುರುತ್ತದೆ, ಎಲ್ಲರೂ ಹೊರಗೆ ಬಂದು ಗಣಿಯ ಕಡೆ ನೋಡುತ್ತಾರೆ. ಆದರೆ ಆ ಮಧ್ಯಾಹ್ನದ್ದು ಜೋರಾಗಿತ್ತು. ಡ್ರೈವರಣ್ಣ ಶಿಫ್ಟಿನಲ್ಲಿದ್ದರು. ಅವರ ಹೆಂಡತಿ, ನಾವೆಲ್ಲ ಅಕ್ಕ ಅಂತ ಕರೆಯುತ್ತಿದ್ದವರು, ಹೊರಗೆ ನಿಂತು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಅವರ ಹೊಸ್ತಿಲಿನಿಂದ ನೀರು ಹರಿದು ಬಂತು. ತೊಟ್ಟಿಯ ಒಂದು ಗಾಜು ಸೀಳು ಬಿಟ್ಟಿತ್ತು.

ಅಕ್ಕ ಕಣ್ಣೊರಸಿಕೊಂಡು ಒಳಗೆ ಓಡಿದರು. ನಾವೂ ಓಡಿದೆವು. ನಾನು ಕೈಗೆ ಸಿಕ್ಕ ಬಕೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಹಾಕಲು ಹೋದೆ. "ಬ್ಯಾಡ ಸಾಮಿ, ಒಂದೇ ಬಕೆಟ್ನಾಗೆ ಹಾಕಿದ್ರೆ ಸಾಯಂಕಾಲಕ್ಕೆ ಒಂದೇ ಉಳ್ಯೋದು. ಒಂದೊಂದಕ್ಕೂ ಒಂದೊಂದು ಪಾತ್ರೆ ಬೇಕು" ಅಂದರು ಅಕ್ಕ. ಲೈನಿನ, ಅಂದರೆ ನಮ್ಮ ಸಾಲುಮನೆಗಳ, ಹೆಂಗಸರು ತಮ್ಮ ತಮ್ಮ ಮನೆಯಿಂದ ಪಾತ್ರೆ ತಂದರು. ಒಂದು ಏಂಜಲ್ ಮೀನು ನಮ್ಮ ಮನೆಯ ಇಡ್ಲಿ ಪಾತ್ರೆಗೆ ಬಂತು. ಒಂದು ಜಿಲೇಬಿ ಎದುರು ಮನೆಯ ಹಂಡೆಗೆ. ಕೆಂಪು ಗಂಟಲಿನವನು ಕೊನೆಯ ಮನೆಯ ಅಜ್ಜಿಯ ಮುದ್ದೆ ಮಡಕೆಗೆ. ಹೀಗೆ ಏಳು ಮೀನು ಏಳು ಮನೆ ಸೇರಿದವು.

ಅತ್ತ ಡ್ರೈವರಣ್ಣ ಮೂರು ಗಂಟೆ ಹೊತ್ತು ಸೀಟು ಬಿಟ್ಟು ಏಳಲಿಲ್ಲ. ಗಂಟೆ ಹೊಡೆದಂತೆಲ್ಲ ಕೇಜು ಇಳಿಸಿದರು, ಎಳೆದರು, ಇಳಿಸಿದರು, ಎಳೆದರು. ಕೆಲವರಿಗೆ ಕೈಕಾಲು ತರಚಿತ್ತು, ಡಿಸ್ಪೆನ್ಸರಿಗೆ ಓಡಿಹೋಗಿ ನಾನೇ ಟಿಂಚರ್ ಹಚ್ಚಿದೆ. ಆದರೆ ಕೆಳಗೆ ಹೋದವರೆಲ್ಲ ಮೇಲೆ ಬಂದರು. ಕೊನೆಯ ಕೇಜಿನಲ್ಲಿ ಬಂದವರೊಬ್ಬರು ನನಗೆ ಹೇಳಿದರು, "ಯಾವತ್ತಿನ ಹಾಗೇ ಬಂತು ಸಾರ್. ಒಂದು ಚೂರೂ ಜಗ್ಗಲಿಲ್ಲ. ಮೇಲೆ ಕೂತವನಿಗೆ ಗಾಬರಿ ಆಗಿದೆ ಅಂತ ನಮಗೆ ಗೊತ್ತೇ ಆಗಲಿಲ್ಲ."

ಸಾಯಂಕಾಲ ಅವರು ಮನೆಗೆ ಬಂದರು. ಖಾಲಿ ತೊಟ್ಟಿಯ ಕಡೆ ನೋಡಿದರು. ಜಗಲಿಯ ಮೇಲೆ ಕೂತು, "ಸ್ನಾನಕ್ಕೆ ನೀರು ಕಾಸು" ಅಂದರು.

"ಕಾಸೋದು ಯಾತರಾಗೆ? ಲೈನಿನಾಗಿರೋ ಪಾತ್ರೆಗೆಲ್ಲಾ ನಿಮ್ಮ ದಾಯಾದಿಗಳು ಬಂದವ್ರೆ" ಅಂದರು ಅಕ್ಕ. ಆಗ ಡ್ರೈವರಣ್ಣ ನಕ್ಕರು. ಆಮೇಲೆ ಕಣ್ಣೊರಸಿಕೊಂಡರು.

ವರ್ಕ್‌ಶಾಪಿನವರು ಹೊಸ ಗಾಜು ಕೂರಿಸಿಕೊಡಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಡ್ರೈವರಣ್ಣ ಕೆಲಸಕ್ಕೆ ಹೋಗುವ ಮುಂಚೆ ಏಳು ಮನೆಗೂ ಹೋಗಿ, ಮಗಳನ್ನು ಕೊಟ್ಟ ಮನೆಗೆ ಹೋದ ತಂದೆಯ ಹಾಗೆ ಹೊಸ್ತಿಲಲ್ಲೇ ನಿಂತು ವಿಚಾರಿಸಿಕೊಂಡು ಬಂದರು. ಐದನೇ ದಿನ ಎಲ್ಲವನ್ನೂ ವಾಪಸ್ಸು ತರಲು ನಾನೂ ಜೊತೆಗೆ ಹೋದೆ. ಕೊನೆಯ ಮನೆಯ ಅಜ್ಜಿ ಮಡಕೆಯ ಮುಂದೆ ಕೂತು ಕೆಂಪು ಗಂಟಲಿನವನನ್ನು ಬಾಯಿ ತುಂಬ ಹೊಗಳಿದರು.

"ಒಂಟಿಯಾಗಿ ಒಂದು ಮೂಲೆ ಹಿಡ್ಕಂಡು ಕುಂತಿತ್ತು ಕಣಪ್ಪ. ನೋಡಕ್ಕಾಗ್ಲಿಲ್ಲ. ಜೊತೆಗಿರ್ಲಿ ಅಂತ ಕೆರೆಯಿಂದ ಒಂದು ಮೀನ್ಮರಿ ತರ್ಸಿ ಬಿಟ್ಟೆ."

ಡ್ರೈವರಣ್ಣ ನನ್ನ ಮುಖ ನೋಡಿದರು. "ಎಂಗವ್ರಜ್ಜಿ ಇಬ್ರೂ?" ಅಂತ ಕೇಳಿದರು.

"ಎಷ್ಟು ಹೊಂದ್ಕಂಡವೆ ಅಂತೀಯ. ಬೆಳಿಗ್ಗೆ ಎದ್ದು ನೋಡ್ತೀನಿ, ಇಬ್ರೂ ಸೇರಿ ಒಂದೇ ಆಗವ್ರೆ."

ಮಂಗನ ಬಾವು

ಕೊನೆಯದು ನನ್ನ ಮಾನ ಹೋದ ಪ್ರಸಂಗ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಬಂಗಾರಪೇಟೆಯ ಆ ಎರಡು ಜಿಲೇಬಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಅವು ಬೆಳೆದು ಅಂಗೈ ಅಗಲವಾಗಿದ್ದವು. ಒಂದು ದಿನ ಬೆಳಿಗ್ಗೆ ಡ್ರೈವರಣ್ಣ ಡಿಸ್ಪೆನ್ಸರಿಗೇ ಬಂದರು. "ಸಾಮಿ, ಹೆಣ್ಣು ಜಿಲೇಬಿ ಊಟ ಬಿಟ್ಟೈತೆ. ಮೂರು ಏಟಿಗೂ ಬರ್ತಿಲ್ಲ. ಗದ್ದ ಊದ್ಕಂಡೈತೆ. ವಸಿ ಬಂದು ನೋಡಿ."

ಹೋಗಿ ನೋಡಿದೆ. ನಿಜ. ಬಾಯಿ ಬಿಗಿಯಾಗಿ ಮುಚ್ಚಿದೆ, ಗಂಟಲ ಕೆಳಗೆ ಚೀಲದ ಹಾಗೆ ಊತ. ಆ ತಿಂಗಳು ಲೈನಿನ ಮಕ್ಕಳಿಗೆಲ್ಲ ಮಂಗನ ಬಾವು ಬಂದಿತ್ತು. ದಿನಕ್ಕೆ ಹತ್ತು ಊದಿದ ಗದ್ದ ನೋಡುತ್ತಿದ್ದವನು ನಾನು. ಹನ್ನೊಂದನೆಯದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

"ಮಂಗನ ಬಾವು" ಅಂದೆ.

"ಮೀನಿಗೂ ಬರ್ತದಾ?"

"ಗದ್ದ ಇದ್ದವರಿಗೆಲ್ಲ ಬರುತ್ತದೆ. ಅಂಟುರೋಗ. ಇವತ್ತೇ ಬೇರೆ ಇಡಿ" ಅಂದೆ, ಡಾಕ್ಟರ ಗತ್ತಿನಲ್ಲಿ. ಡಿಸ್ಪೆನ್ಸರಿಯಿಂದ ಒಂದು ಬಿಳಿ ಎನಾಮೆಲ್ ಬೇಸಿನ್ ತಂದುಕೊಟ್ಟೆ. ಡ್ರೈವರಣ್ಣ ಅದರಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಮೀನನ್ನು ನಿಧಾನವಾಗಿ ಬಿಟ್ಟರು. ನಾನು ದಿನಾ ಎರಡು ಹೊತ್ತು ಒಂದು ಚಿಟಿಕೆ ಉಪ್ಪು ಹಾಕಿ, "ಊತ ಇಳಿಯುತ್ತಾ ಇದೆ" ಅಂತ ಹೇಳಿ ಬರುತ್ತಿದ್ದೆ. ಊತ ಇಳಿಯುತ್ತಿರಲಿಲ್ಲ. ಒಂದು ವಾರ ಕಳೆಯಿತು. ಮೀನು ಒಂದು ಕಾಳೂ ತಿನ್ನಲಿಲ್ಲ, ಸೊರಗಿತು, ಆದರೆ ಬಾಯಿ ಬಿಡಲಿಲ್ಲ. ಅಕ್ಕ ದಿನಾ ಅದರ ಮುಂದೆ ಕೂತು, "ಒಂದು ಕಾಳು ತಿನ್ನೇ ತಾಯಿ" ಅನ್ನುತ್ತಿದ್ದರು. ಡ್ರೈವರಣ್ಣ ಮಾತ್ರ ಬಗ್ಗಿ ನೋಡಿ, "ಇದು ಕಾಯ್ಲೆ ಮುಖ ಅಲ್ಲ ಸಾಮಿ. ಏನನ್ನೋ ಕಾಯ್ತಾ ಇರೋ ಮುಖ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಂಪೌಂಡರ್ ಯಾರು, ಅವರೋ ನಾನೋ.

ಆ ಹೊತ್ತಿಗೆ ಡ್ರೈವರಣ್ಣನ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ತಾಯಿ ಮಗು ಹೇಗಿದ್ದಾರೆ ಅಂತ ನೋಡಲು ನಮ್ಮ ಲೇಡಿ ಡಾಕ್ಟರು ಮನೆಗೇ ಬಂದರು, ಬ್ಯಾಗು ಹಿಡಿದುಕೊಂಡು ಹಿಂದೆ ನಾನು. ಆ ಡಾಕ್ಟರಮ್ಮ ದೇವರಂಥ ಮನುಷ್ಯರು. ಹಗಲು ರಾತ್ರಿ ಅನ್ನದೆ ಗಣಿಯವರ ಮನೆಯ ಹೆರಿಗೆಗಳನ್ನೆಲ್ಲ ಮಾಡಿಸಿದವರು. ಆದರೆ ಮುಖ ಮಾತ್ರ ಬಲು ಬಿರುಸು. ಅವರು ವಾರ್ಡಿಗೆ ಕಾಲಿಟ್ಟರೆ ನೋವು ತಿನ್ನುತ್ತಿದ್ದವರೂ ನರಳುವುದನ್ನು ನಿಲ್ಲಿಸಿಬಿಡುತ್ತಿದ್ದರು. ಅವರು ನಕ್ಕದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮಗುವನ್ನು ನೋಡಿ ಹೊರಡುವಾಗ ಅಕ್ಕ ಕೈಮುಗಿದು ಅಡ್ಡ ನಿಂತರು. "ಅಮ್ಮಾ, ಇನ್ನೊಂದು ಜೀವ ಐತೆ. ವಾರದಿಂದ ಉಪವಾಸ. ಕಾಂಪೌಂಡರ್ ಸಾಮಿ ಮಂಗನ ಬಾವು ಅಂತ ಔಷಧಿ ಮಾಡ್ತಾವ್ರೆ, ವಾಸಿ ಆಗ್ತಿಲ್ಲ."

"ಎಲ್ಲಿ ರೋಗಿ?" ಅಂದರು ಡಾಕ್ಟರಮ್ಮ.

ಅಕ್ಕ ಬೇಸಿನ್ ತೋರಿಸಿದರು. ಡಾಕ್ಟರಮ್ಮ ಬೇಸಿನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬ್ಯಾಗಿನ ಹಿಡಿ ನೋಡಿದೆ.

ಅಷ್ಟರಲ್ಲಿ ಡ್ರೈವರಣ್ಣ ಮೆಲ್ಲಗೆ, "ಸದ್ದು ಮಾಡ್ಬ್ಯಾಡಿ, ಬಾಯಿ ಬಿಡ್ತಾ ಐತೆ" ಅಂದರು. ಎಲ್ಲರೂ ನಿಂತಲ್ಲೇ ನಿಂತೆವು. ಜಿಲೇಬಿ ನಿಧಾನವಾಗಿ ಬಾಯಿ ತೆರೆಯಿತು. ಒಳಗಿಂದ ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಮರಿ ಹೊರಗೆ ಬಂತು. ಹಿಂದೆ ಇನ್ನೊಂದು. ಆಮೇಲೆ ಹೊಗೆಯ ಹಾಗೆ, ನೂರಾರು. ಬಿಳಿ ಬೇಸಿನ್ ತುಂಬ ಕಣ್ಣು ಕಣ್ಣು. ಅಷ್ಟು ದಿನ ತಾನು ಒಂದು ಕಾಳು ನುಂಗದೆ, ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಪಾಡಿದ ತಾಯಿ. ನಾವು ಅದನ್ನು ಮಂಗನ ಬಾವು ಅಂದಿದ್ದೆವು. ಅಂದಿದ್ದೆವು ಅಂದರೆ, ನಾನು ಅಂದಿದ್ದೆ. ಬೇರೆ ಇಡಿಸಿದ್ದರಿಂದ ಉಳಿದ ಆರು ದಾಯಾದಿಗಳ ಬಾಯಿಗೆ ಆ ಮರಿಗಳು ಸಿಕ್ಕಲಿಲ್ಲ, ನನ್ನ ವೈದ್ಯದಲ್ಲಿ ಸರಿಯಾದದ್ದು ಅದೊಂದೇ.

ಅಕ್ಕ ಅಳುತ್ತಿದ್ದರು. "ವಾರಗಟ್ಲೆ ಬಾಯಿ ಬಿಡದೆ ಇದ್ಳಲ್ಲಮ್ಮ. ಗಂಡಸ್ರ ಕೈಲಾಗ್ತಿತ್ತಾ?" ಡ್ರೈವರಣ್ಣ ಬೇಸಿನ್ನಿಗೆ ಕೈಮುಗಿದರು.

ಡಾಕ್ಟರಮ್ಮನಿಗೂ ತಡೆಯಲಾಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಇನ್ನೂ ಹತ್ತಿರದಿಂದ ನೋಡೋಣ ಅಂತ ಬೇಸಿನ್ನಿನ ಮೇಲೆ ಬಗ್ಗಿದರು. ಅವರ ಮುಖದ ನೆರಳು ನೀರಿನ ಮೇಲೆ ಬಿತ್ತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ಮರಿಗಳೂ ಗುಂಪಾಗಿ ತಿರುಗಿ, ತಾಯಿಯ ಬಾಯೊಳಗೆ ನುಗ್ಗಿದವು, ಬಾಯಿ ಮುಚ್ಚಿಹೋಯಿತು. ಬೇಸಿನ್ ಖಾಲಿ.

ಡಾಕ್ಟರಮ್ಮ ನಿಧಾನವಾಗಿ ನೆಟ್ಟಗಾದರು. ಆ ಬಿರುಸು ಮುಖದಲ್ಲಿ ಮೊದಲು ಒಂದು ತುದಿ ಸಡಿಲವಾಯಿತು, ಆಮೇಲೆ ಇನ್ನೊಂದು ತುದಿ.

"ಕಾಂಪೌಂಡರ್," ಅಂದರು, "ಇಷ್ಟು ವರ್ಷದ ಸರ್ವಿಸಿನಲ್ಲಿ ಎಷ್ಟೋ ಹೆರಿಗೆ ನೋಡಿದ್ದೀನಿ. ಹುಟ್ಟಿದ ಮಕ್ಕಳು ನನ್ನ ಮುಖ ನೋಡಿ ವಾಪಸ್ಸು ಒಳಗೆ ಹೋದದ್ದು ಇದೇ ಮೊದಲು."